ಸಣ್ಣ ವ್ಯಾಪಾರಕ್ಕೆ ಅಂತರ್ಜಾಲದ ಅಂಕಿಅಂಶ: ನೋಡಬೇಕಾದುದೇನು, ಬಿಡಬೇಕಾದುದೇನು?

ಮಂಗಳೂರು: ಅಂಗಡಿಯ ಹೆಸರಿನಲ್ಲಿ ಜಾಲತಾಣ ತೆರೆದು, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಚಿತ್ರಗಳನ್ನು ಪ್ರಕಟಿಸಿ, ಜಾಹೀರಾತಿಗೆ ಪ್ರತಿ ತಿಂಗಳೂ ಹಣ ತೆತ್ತ ಬಳಿಕವೂ ವ್ಯಾಪಾರವೇಕೆ ಹೆಚ್ಚಲಿಲ್ಲ ಎಂಬ ಪ್ರಶ್ನೆ ಅನೇಕ ಸಣ್ಣ ವ್ಯಾಪಾರಿಗಳನ್ನು ಕಾಡುತ್ತದೆ. ಉತ್ತರದ ಬಹುಪಾಲು ಅವರ ಮೊಬೈಲ್‌ನಲ್ಲಿಯೇ ಅಂಕಿಅಂಶಗಳ ರೂಪದಲ್ಲಿ ದಾಖಲಾಗಿರುತ್ತದೆ. ಅದನ್ನು ಓದುವ ಅಭ್ಯಾಸ ಮಾತ್ರ ಕಡಿಮೆ.

ಕರಾವಳಿಗೆ ದಿನದ ಲೆಕ್ಕ ಹೊಸತಲ್ಲ. 1925ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಅದರ ಪ್ರತಿನಿಧಿಗಳು ದಿನವೂ ಮನೆ, ಅಂಗಡಿಗಳಿಗೆ ತೆರಳಿ ಆಣೆಗಳ ಲೆಕ್ಕದಲ್ಲಿ ಹಣ ಸಂಗ್ರಹಿಸಿ ಬರೆದಿಡುತ್ತಿದ್ದರು. 2020ರ ಏಪ್ರಿಲ್ 1ರಂದು ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡರೂ ಪಿಗ್ಮಿ ಎಂಬ ಪದ ಇಲ್ಲಿನ ಜನರ ಮಾತಿನಲ್ಲಿ ಉಳಿದಿದೆ. ಸಣ್ಣ ಮೊತ್ತವನ್ನೂ ಬಿಡದೆ ಬರೆದಿಡುವ ಆ ಶಿಸ್ತೇ ಅಂತರ್ಜಾಲದ ವ್ಯಾಪಾರಕ್ಕೂ ಬೇಕಾಗಿದೆ.

ಯಾವ ಅಂಕಿ ಮುಖ್ಯ?

ಎಷ್ಟು ಮಂದಿ ನೋಡಿದರು, ಎಷ್ಟು ಮಂದಿ ಮೆಚ್ಚಿದರು ಎಂಬ ಸಂಖ್ಯೆಗಳು ಕಣ್ಣಿಗೆ ಹಿತವೆನಿಸುತ್ತವೆಯಾದರೂ ಗಲ್ಲಾಪೆಟ್ಟಿಗೆಯನ್ನು ತುಂಬಿಸುವುದಿಲ್ಲ. ಕರೆ ಮಾಡಿದವರೆಷ್ಟು, ಅಂಗಡಿಗೆ ದಾರಿ ಕೇಳಿದವರೆಷ್ಟು, ಸಂದೇಶ ಕಳುಹಿಸಿದವರೆಷ್ಟು, ಅವರಲ್ಲಿ ಕೊಂಡವರೆಷ್ಟು, ಮತ್ತೆ ಬಂದವರೆಷ್ಟು ಎಂಬ ಐದು ಸಂಖ್ಯೆಗಳೇ ನಿಜವಾದ ಅಳತೆಗೋಲು.

ಇವುಗಳಲ್ಲಿ ಮೊದಲ ಎರಡು ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಉಚಿತವಾಗಿ ದೊರೆಯುತ್ತವೆ. 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಎಂದು ಆರಂಭವಾದ ಈ ಸೇವೆಗೆ 2021ರಲ್ಲಿ ಈಗಿನ ಹೆಸರು ಬಂದಿತು. ಜನರು ಯಾವ ಪದಗಳನ್ನು ಹುಡುಕಿ ಅಂಗಡಿಯನ್ನು ಕಂಡರು ಎಂಬುದನ್ನೂ ಇದು ತೋರಿಸುತ್ತದೆ. ಸ್ವಂತ ಜಾಲತಾಣವಿದ್ದವರಿಗೆ ಸರ್ಚ್ ಕನ್ಸೋಲ್ 16 ತಿಂಗಳವರೆಗಿನ ಹುಡುಕಾಟದ ಮಾಹಿತಿಯನ್ನು ನೀಡುತ್ತದೆ. ಉಳಿದ ಮೂರು ಸಂಖ್ಯೆಗಳನ್ನು ವ್ಯಾಪಾರಿಯೇ ತನ್ನ ಪುಸ್ತಕದಲ್ಲಿ ಬರೆದುಕೊಳ್ಳಬೇಕು.

ಒಂದು ಊರು, ಎರಡು ಹೆಸರು

2014ರ ನವೆಂಬರ್ 1ರಂದು ಮ್ಯಾಂಗಲೋರ್ ಅಧಿಕೃತವಾಗಿ ಮಂಗಳೂರು ಆಯಿತು. ಆದರೆ ಇಂಗ್ಲಿಷಿನಲ್ಲಿ ಹಳೆಯ ಹೆಸರನ್ನೇ ಬರೆದು ಹುಡುಕುವವರು ಇಂದಿಗೂ ಇದ್ದಾರೆ. ಜಾಲತಾಣದಲ್ಲಿ ಹೊಸ ಹೆಸರೊಂದನ್ನೇ ಬಳಸಬೇಕೇ, ಎರಡನ್ನೂ ಬಳಸಬೇಕೇ ಎಂಬುದನ್ನು ಊಹೆಯಿಂದಲ್ಲ, ಹುಡುಕಾಟದ ಪದಗಳ ಪಟ್ಟಿಯನ್ನು ನೋಡಿ ನಿರ್ಧರಿಸುವುದು ಸೂಕ್ತ.

ಸರಕಿನ ಹೆಸರಿಗೂ ಇದೇ ಮಾತು ಅನ್ವಯಿಸುತ್ತದೆ. ಇಲ್ಲಿನವರು ಬಂಗುಡೆ ಎಂದು ಕರೆಯುವುದನ್ನು ಹೊರಗಿನವರು ಮ್ಯಾಕೆರೆಲ್ ಎಂದು ಹುಡುಕಬಹುದು. ಹಲಸಿನ ಹಪ್ಪಳವನ್ನು ಜ್ಯಾಕ್‌ಫ್ರೂಟ್ ಪಾಪಡ್ ಎಂದು ಹುಡುಕುವವನೂ ಗ್ರಾಹಕನೇ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಮಾತನಾಡುವವರು ಒಂದೇ ಬೀದಿಯಲ್ಲಿ ವ್ಯವಹರಿಸುವ ನಗರದಲ್ಲಿ, ಗ್ರಾಹಕನ ಪದವೇ ಅಂಗಡಿಯ ಪುಟದಲ್ಲಿರಬೇಕಾದುದು ಅವಶ್ಯ.

ಋತುವನ್ನು ಮರೆಯದಿರಿ

ಯಾಂತ್ರೀಕೃತ ಮೀನುಗಾರಿಕೆಗೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಮನೆಬಾಗಿಲಿಗೆ ತಾಜಾ ಮೀನು ತಲುಪಿಸುವ ವ್ಯಾಪಾರಿ ಮೇ ತಿಂಗಳ ಅಂಕಿಯೊಂದಿಗೆ ಜೂನ್‌ನ ಅಂಕಿಯನ್ನು ಹೋಲಿಸಿದರೆ, ಜಾಲತಾಣವೇ ಕೆಟ್ಟಿತೆಂದು ಭ್ರಮಿಸುವ ಸಾಧ್ಯತೆಯಿದೆ. ಜೂನ್ ತಿಂಗಳನ್ನು ಹಿಂದಿನ ವರ್ಷದ ಜೂನ್‌ನೊಂದಿಗೆ ಹೋಲಿಸುವುದೇ ಸರಿಯಾದ ಕ್ರಮ. ಕುದ್ರೋಳಿಯ ದಸರಾ, ಕ್ರಿಸ್ಮಸ್, ಊರಿಗೆ ಮರಳುವ ಕೊಲ್ಲಿ ಉದ್ಯೋಗಿಗಳ ರಜೆ ಇವೆಲ್ಲವೂ ಲೆಕ್ಕವನ್ನು ಏರಿಳಿಸುತ್ತವೆ.

ಇದಕ್ಕೆ ಹಳೆಯ ಮಾಹಿತಿ ಕೈಯಲ್ಲಿರಬೇಕು. ಗೂಗಲ್ ಅನಾಲಿಟಿಕ್ಸ್‌ನ ಹಿಂದಿನ ಆವೃತ್ತಿಯು 2023ರ ಜುಲೈ 1ರಿಂದ ಹೊಸ ಮಾಹಿತಿ ಸಂಗ್ರಹವನ್ನು ನಿಲ್ಲಿಸಿತು. ಮರುವರ್ಷ ಹಳೆಯ ವರದಿಗಳೂ ಲಭ್ಯವಿಲ್ಲದಂತಾದವು. ಈಗಿನ ಆವೃತ್ತಿಯಲ್ಲಿಯೂ ಭೇಟಿಕಾರರ ವಿವರವಾದ ಮಾಹಿತಿ ಮೂಲತಃ 2 ತಿಂಗಳು ಮಾತ್ರ ಉಳಿಯುತ್ತದೆ. ಅದನ್ನು 14 ತಿಂಗಳಿಗೆ ವಿಸ್ತರಿಸಿಕೊಳ್ಳಲು ಅವಕಾಶವಿದೆ. ತಿಂಗಳ ಕೊನೆಯಲ್ಲಿ ಮುಖ್ಯ ಸಂಖ್ಯೆಗಳನ್ನು ಪುಸ್ತಕಕ್ಕೆ ಇಳಿಸಿಕೊಂಡವರಿಗೆ ಈ ಆತಂಕವಿಲ್ಲ.

ಜಾಹೀರಾತಿನ ಲೆಕ್ಕ

ಉದಾಹರಣೆಗೆ, ಹಪ್ಪಳ, ಉಪ್ಪಿನಕಾಯಿ ಮಾರುವ ಮಹಿಳೆಯೊಬ್ಬರು ಜಾಹೀರಾತಿಗೆ 3,000 ರೂಪಾಯಿ ವೆಚ್ಚ ಮಾಡಿದರೆಂದು ಭಾವಿಸೋಣ. ಅದನ್ನು 600 ಮಂದಿ ಕ್ಲಿಕ್ಕಿಸಿ, 30 ಮಂದಿ ವಿಚಾರಿಸಿ, 12 ಮಂದಿ ಕೊಂಡರು. ಆಗ ಒಂದು ಆರ್ಡರ್‌ಗೆ ಬಿದ್ದ ಜಾಹೀರಾತು ವೆಚ್ಚ 250 ರೂಪಾಯಿ. ಪ್ರತಿ ಆರ್ಡರ್‌ನ ಲಾಭ 150 ರೂಪಾಯಿಯಾಗಿದ್ದರೆ ಒಟ್ಟು 1,200 ರೂಪಾಯಿ ನಷ್ಟ. ಆ 12 ಮಂದಿಯ ಪೈಕಿ 8 ಮಂದಿ ಮತ್ತೊಮ್ಮೆ ಕೊಂಡರೆ ಮಾತ್ರ ಲೆಕ್ಕ ಸರಿಹೋಗುತ್ತದೆ. 600 ಎಂಬ ಅಂಕಿಯನ್ನಷ್ಟೇ ನೋಡಿ ಸಂತೋಷಪಟ್ಟರೆ ಮನೆಯ ಉಳಿತಾಯ ಕರಗಿಹೋದೀತು. ಮರಳಿ ಬರುವ ಗ್ರಾಹಕರ ಲೆಕ್ಕವಿಡುವುದು ಏಕೆ ಅನಿವಾರ್ಯ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಗ್ರಾಹಕರು ಎಲ್ಲಿಂದ ಬಂದರೆಂದು ತಿಳಿಯಲು ಕರಪತ್ರ, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂಗಳಿಗೆ ಬೇರೆಬೇರೆ ಗುರುತಿನ ಕೊಂಡಿಗಳನ್ನು ನೀಡಬಹುದು. ಅದೂ ಕಷ್ಟವೆನಿಸಿದರೆ "ನಮ್ಮ ವಿಷಯ ಎಲ್ಲಿ ತಿಳಿಯಿತು?" ಎಂದು ಪ್ರತಿ ಹೊಸ ಗ್ರಾಹಕನನ್ನು ಕೇಳಿ ಬರೆದಿಟ್ಟರೂ ಸಾಕು.

ಎಚ್ಚರಿಕೆಯ ಮಾತು

ಸಣ್ಣ ಸಂಖ್ಯೆಗಳು ದಾರಿ ತಪ್ಪಿಸುವುದುಂಟು. ಕರೆಗಳು 4ರಿಂದ 6ಕ್ಕೇರಿದರೆ ಶೇ. 50ರ ಏರಿಕೆ ಎನ್ನಬಹುದಾದರೂ ಅದು ಆಕಸ್ಮಿಕವೂ ಆಗಿರಬಹುದು. ಕನಿಷ್ಠ ಎರಡು-ಮೂರು ತಿಂಗಳ ಅಂಕಿಗಳನ್ನು ನೋಡದೆ ಬದಲಾವಣೆಗೆ ಕೈಹಾಕಬಾರದು. ಒಮ್ಮೆಗೆ ಒಂದನ್ನೇ ಬದಲಿಸಿದರೆ ಯಾವುದರಿಂದ ಫಲ ದೊರೆಯಿತೆಂದು ತಿಳಿಯುತ್ತದೆ.

ಹಣ ತೆತ್ತು ಹಿಂಬಾಲಕರನ್ನೂ ಹೊಗಳಿಕೆಯ ವಿಮರ್ಶೆಗಳನ್ನೂ ಪಡೆಯುವುದು ತನ್ನ ಲೆಕ್ಕಪುಸ್ತಕವನ್ನು ತಾನೇ ತಿದ್ದಿದಂತೆ. ನಕಲಿ ವಿಮರ್ಶೆಗಳ ತಡೆಗಾಗಿ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನು ಪ್ರಕಟಿಸಿದೆ. ಗ್ರಾಹಕರ ದೂರವಾಣಿ ಸಂಖ್ಯೆಗಳನ್ನು ಪ್ರಚಾರಕ್ಕೆ ಬಳಸುವವರು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ಗಮನದಲ್ಲಿಡಬೇಕು. ಗ್ರಾಹಕರ ಒಪ್ಪಿಗೆಯನ್ನು ಮೊದಲೇ ಪಡೆದಿರುವುದು ಕ್ಷೇಮ.

ಒಟ್ಟಿನಲ್ಲಿ, ಆರಂಭಿಸಲು ಬೇಕಾದುದು ಒಂದು ನೋಟ್‌ಪುಸ್ತಕ ಮತ್ತು ವಾರಕ್ಕೆ ಅರ್ಧ ಗಂಟೆ. ಮೊದಲು ಗೂಗಲ್‌ನಲ್ಲಿ ಅಂಗಡಿಯ ವಿಳಾಸ, ಸಮಯ, ದೂರವಾಣಿ ಸಂಖ್ಯೆ ಸರಿಯಾಗಿವೆಯೇ ಎಂದು ಪರಿಶೀಲಿಸಿ, ಬಳಿಕ ಮೇಲೆ ಹೇಳಿದ ಐದು ಸಂಖ್ಯೆಗಳನ್ನು ಬರೆಯುತ್ತಾ ಹೋಗಬೇಕು. ಮೂರು ತಿಂಗಳ ನಂತರ ಯಾವ ಖರ್ಚನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ಆ ಪುಟಗಳೇ ಹೇಳುತ್ತವೆ.