ಅತಿಥಿಯ ಬಾಗಿಲು: ಜರ್ಮನಿಯ ಹಳ್ಳಿಯ ತಂಗುಮನೆಗಳ ಚರಿತ್ರೆ



ಬಾಳಿನ ಬಹುಭಾಗವನ್ನು ಭಾಷೆಯ ಪಾಠ ಹೇಳುವುದರಲ್ಲಿ ಕಳೆದವನಿಗೆ ಯಾವ ದೇಶದ ವಿಷಯ ಬಂದರೂ ಮೊದಲು ಆಕರ್ಷಿಸುವುದು ಅಲ್ಲಿನ ಶಬ್ದಗಳೇ. ಜರ್ಮನ್ ಭಾಷೆಯಲ್ಲಿ 'ವಿರ್ಟ್' ಎಂದರೆ ಬಂದವರಿಗೆ ಊಟ, ಪಾನೀಯ, ಹಾಸಿಗೆ ಒದಗಿಸುವ ಮನೆಯ ಯಜಮಾನ. ಅದರಿಂದ ಹುಟ್ಟಿದ 'ವಿರ್ಟ್‌ಶಾಫ್ಟ್' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಊರಿನ ಊಟ-ಪಾನೀಯದ ಮನೆ ಎಂಬುದು ಒಂದು. ಇಡೀ ದೇಶದ ಅರ್ಥವ್ಯವಸ್ಥೆ ಎಂಬುದು ಇನ್ನೊಂದು. ಇನ್ನು 'ಗಾಸ್ಟ್' ಎಂದರೆ ಅತಿಥಿ. ಈ ಶಬ್ದಕ್ಕೂ ಲ್ಯಾಟಿನ್ ಭಾಷೆಯ 'ಹೋಸ್ಟಿಸ್' ಎಂಬ ಶಬ್ದಕ್ಕೂ ಮೂಲವೊಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆ ಮೂಲದ ಅರ್ಥ 'ಹೊರಗಿನಿಂದ ಬಂದವನು' ಎಂದು. ಜರ್ಮನ್ನಿನಲ್ಲಿ ಅವನು ಅತಿಥಿಯಾದ. ಲ್ಯಾಟಿನ್ನಿನಲ್ಲಿ ಕಾಲಕ್ರಮೇಣ ಶತ್ರುವಾದ. ಪರಸ್ಥಳದವನನ್ನು ಕಂಡಾಗ ಮನುಷ್ಯನ ಮನಸ್ಸು ಹೊಯ್ದಾಡುವುದು ಈ ಎರಡು ಅರ್ಥಗಳ ನಡುವೆಯೇ ಅಲ್ಲವೇ?

ಜರ್ಮನಿಯ ಹಳ್ಳಿಗಳಲ್ಲಿ ಒಂದೇ ಕುಟುಂಬ ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ತಂಗುಮನೆಯನ್ನು 'ಗಾಸ್ಟ್‌ಹೋಫ್' ಎನ್ನುತ್ತಾರೆ. ಕೆಳಗೆ ಊಟದ ಕೋಣೆ, ಮೇಲೆ ಅತಿಥಿಗಳ ಕೊಠಡಿಗಳು, ಹಿಂದೆ ಮನೆಯವರ ವಾಸ, ಪಕ್ಕದಲ್ಲಿ ಹಿಂದೆ ಕುದುರೆ ಲಾಯವಾಗಿದ್ದ ಕಟ್ಟಡ. ಇದು ಸಾಮಾನ್ಯವಾದ ರಚನೆ. ಇವುಗಳ ಚರಿತ್ರೆಯನ್ನು ಓದುತ್ತ ಹೋದಂತೆ, ಹೊರಗಿನವನಿಗೆ ಬಾಗಿಲು ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಎಂಬುದರ ಚರಿತ್ರೆಯನ್ನೇ ಓದಿದಂತಾಗುತ್ತದೆ. ಅದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿ ಈ ಬರಹ.

ಮಧ್ಯಯುಗದ ಆರಂಭದಲ್ಲಿ ಪ್ರಯಾಣಿಕರಿಗೆ ಆಶ್ರಯ ನೀಡುತ್ತಿದ್ದವರು ಮುಖ್ಯವಾಗಿ ಕ್ರೈಸ್ತ ಮಠಗಳವರು. ಆರನೆಯ ಶತಮಾನದ ಸಂತ ಬೆನೆಡಿಕ್ಟನ ನಿಯಮಾವಳಿಯ 53ನೆಯ ಅಧ್ಯಾಯವು, ಬಂದ ಅತಿಥಿಯನ್ನು ಸಾಕ್ಷಾತ್ ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕೆಂದು ವಿಧಿಸುತ್ತದೆ. ವ್ಯಾಪಾರ ಬೆಳೆದು ಮಾರ್ಗಗಳಲ್ಲಿ ಸಂಚಾರ ಹೆಚ್ಚಿದಂತೆ ಹಣ ಪಡೆದು ವಸತಿ ನೀಡುವ ಮನೆಗಳು ತಲೆಯೆತ್ತಿದವು. ಆದರೆ ಯಾರು ಬೇಕಾದರೂ ಇವನ್ನು ತೆರೆಯುವಂತಿರಲಿಲ್ಲ. ಪಾಳೆಯಗಾರನ ಅಥವಾ ಅರಸನ ಅನುಮತಿ ಬೇಕಿತ್ತು. ಬವೇರಿಯ ಪ್ರಾಂತದಲ್ಲಿ 'ಟಾಫರ್ನ್' ಎಂಬ ಹಕ್ಕು ಪಡೆದ ಮನೆಗೆ ಪ್ರಯಾಣಿಕರನ್ನು ಇರಿಸಿಕೊಳ್ಳುವ, ಊರಿನ ಮದುವೆಯ ಊಟ, ನಾಮಕರಣದ ಊಟ, ಸತ್ತವರ ಹೆಸರಿನ ಊಟಗಳನ್ನು ನಡೆಸುವ ಅಧಿಕಾರವಿತ್ತು. ಎಷ್ಟೋ ಕಡೆ ಈ ಹಕ್ಕು ವ್ಯಕ್ತಿಗಲ್ಲ, ಮನೆಗೆ ಅಂಟಿಕೊಂಡಿರುತ್ತಿತ್ತು. ಮನೆ ಮಗನಿಗೆ ಬಂದರೆ ಹಕ್ಕೂ ಮಗನಿಗೆ ಬಂದಂತೆ. ಕುಟುಂಬದ ಕಸುಬಾಗಿ ಇದು ಬೇರೂರಲು ಇದೊಂದು ಮುಖ್ಯ ಕಾರಣ. ದನ-ಕರು, ಜಮೀನುಗಳ ಕ್ರಯ ಕುದುರಿದರೆ ಅಲ್ಲಿಯೇ ಕುಳಿತು ಒಂದು ಬಟ್ಟಲು ಕುಡಿದು ಮಾತು ಭದ್ರಪಡಿಸುತ್ತಿದ್ದರು. ಕ್ರೂಗರ್, ಕ್ರೆಚ್‌ಮರ್, ವಿರ್ಟ್ ಎಂಬ ಇಂದಿನ ಜರ್ಮನ್ ಮನೆತನದ ಹೆಸರುಗಳೆಲ್ಲ ಮೂಲದಲ್ಲಿ 'ತಂಗುಮನೆಯ ಯಜಮಾನ' ಎಂಬ ಅರ್ಥದವೇ.

ಬಿಯರ್ ಈ ಮನೆಗಳ ಜೀವಾಳ. 1516ರ ಏಪ್ರಿಲ್ 23ರಂದು ಬವೇರಿಯದ ಡ್ಯೂಕ್ ನಾಲ್ಕನೆಯ ವಿಲ್‌ಹೆಲ್ಮ್ ಮತ್ತು ಅವನ ತಮ್ಮ ಹತ್ತನೆಯ ಲೂಡ್‌ವಿಗ್ ಇಂಗೋಲ್‌ಸ್ಟಾಟ್ ಪಟ್ಟಣದಲ್ಲಿ ಹೊರಡಿಸಿದ ಆಜ್ಞೆ ಪ್ರಸಿದ್ಧವಾದುದು. ಬಾರ್ಲಿ, ಹಾಪ್ಸ್, ನೀರು ಈ ಮೂರರಿಂದ ಮಾತ್ರ ಬಿಯರ್ ತಯಾರಿಸಬೇಕೆಂಬ ಅದರ ಮಾತು ಎಲ್ಲರಿಗೂ ಗೊತ್ತು. ಆದರೆ ಆ ಆಜ್ಞೆಯ ಹೆಚ್ಚಿನ ಭಾಗ ಇರುವುದು, ಚಳಿಗಾಲದಲ್ಲಿ ಎಷ್ಟು, ಬೇಸಿಗೆಯಲ್ಲಿ ಎಷ್ಟು ಬೆಲೆಗೆ ಮಾರಬೇಕು ಎಂಬುದರ ಬಗ್ಗೆ. ಗ್ರಾಹಕನಿಂದ ಯಜಮಾನ ಹೆಚ್ಚು ವಸೂಲು ಮಾಡದಿರಲೆಂಬ ಕಾಳಜಿ ಅದರಲ್ಲಿತ್ತು.

ಮನೆಗಳ ಹೆಸರುಗಳೂ ಸ್ವಾರಸ್ಯಕರ: ಸಿಂಹ, ಹದ್ದು, ಎತ್ತು, ಕುರಿಮರಿ, ಕಿರೀಟ, ಮೂವರು ರಾಜರು. ಓದಲು ಬಾರದ ಪ್ರಯಾಣಿಕನಿಗೂ ತಿಳಿಯುವಂತೆ ಕಬ್ಬಿಣದಲ್ಲಿ ಬಡಿದು ಮಾಡಿದ ಚಿತ್ರಫಲಕ ಬೀದಿಗೆ ಚಾಚಿಕೊಂಡಿರುತ್ತಿತ್ತು. ಹದ್ದು ಸಾಮ್ರಾಟನ ಲಾಂಛನ. ಕುರಿಮರಿ ಕ್ರಿಸ್ತನ ಸಂಕೇತ. ಶಿಶು ಕ್ರಿಸ್ತನನ್ನು ಕಾಣಲು ದೂರದಿಂದ ಬಂದ ಮೂವರು ರಾಜರು ಪ್ರಯಾಣಿಕರ ರಕ್ಷಕರೆಂಬ ನಂಬಿಕೆಯಿದೆ. ಅವರದೆನ್ನಲಾದ ಅಸ್ಥಿಗಳನ್ನು 1164ರಲ್ಲಿ ಕಲೋನ್ ನಗರಕ್ಕೆ ತಂದ ಮೇಲೆ ಆ ನಂಬಿಕೆ ಜರ್ಮನ್ ನಾಡಿನಲ್ಲಿ ಮತ್ತಷ್ಟು ಹಬ್ಬಿತು.

ಆ ಕಾಲದ ಆತಿಥ್ಯ ಹೇಗಿತ್ತು? ಇಬ್ಬರು ಸಾಕ್ಷಿಗಳಿದ್ದಾರೆ, ಇಬ್ಬರೂ ಮಹಾವಿದ್ವಾಂಸರು. ಮೊದಲನೆಯವನು ಎರಾಸ್ಮಸ್. 1523ರಲ್ಲಿ ಪ್ರಕಟವಾದ ಅವನ ಸಂವಾದವೊಂದರಲ್ಲಿ ಜರ್ಮನ್ ತಂಗುಮನೆಯ ವಿಡಂಬನೆಯಿದೆ. ಬಂದವನನ್ನು ಯಾರೂ ವಿಚಾರಿಸುವುದಿಲ್ಲ. ಬಹಳ ಹೊತ್ತು ಕೂಗಿದ ಮೇಲೆ ಆಮೆಯ ಚಿಪ್ಪಿನಿಂದ ಹೊರಬಂದಂತೆ ಕಿಟಕಿಯಿಂದ ಒಂದು ತಲೆ ಇಣುಕುತ್ತದೆ. ಒಲೆ ಉರಿಯುವ ಒಂದೇ ಕೋಣೆಯಲ್ಲಿ ಎಂಬತ್ತು ತೊಂಬತ್ತು ಜನ. ವರ್ತಕರು, ಗಾಡಿಯವರು, ರೈತರು, ಹೆಂಗಸರು, ಮಕ್ಕಳು, ರೋಗಿಗಳು ಎಲ್ಲರೂ ಅಲ್ಲಿಯೇ. ಒಬ್ಬ ತಲೆ ಬಾಚುತ್ತಾನೆ, ಇನ್ನೊಬ್ಬ ಬೂಟು ಒರೆಸುತ್ತಾನೆ. ದೂರಿದರೆ ಬೇರೆ ಮನೆ ನೋಡಿಕೊಳ್ಳಿ ಎಂಬ ಉತ್ತರ. ಎರಡನೆಯವನು ಫ್ರಾನ್ಸಿನ ಮೊಂಟೇನ್. 1580ರಲ್ಲಿ ಇಟಲಿಗೆ ಹೊರಟವನು ದಕ್ಷಿಣ ಜರ್ಮನಿಯ ಮೂಲಕ ಹಾದುಹೋದ. ಅವನಿಗೆ ಅದೇ ಒಲೆಯ ಬೆಚ್ಚನೆಯ ಕೋಣೆ, ಗರಿ ತುಂಬಿದ ಹೊದಿಕೆ, ಅಡುಗೆ ಎಲ್ಲವೂ ಹಿಡಿಸಿದವು. ಈ ಅಡುಗೆಯನ್ನು ಕಲಿಯಲು ತನ್ನ ಅಡುಗೆಯವನನ್ನು ಕರೆತರಲಿಲ್ಲವಲ್ಲ ಎಂದು ಅವನು ಪರಿತಪಿಸಿದ. ಎರಾಸ್ಮಸ್ ಗೇಲಿ ಮಾಡಿದ ಮಾತಿನಲ್ಲೇ ಒಂದು ಸತ್ಯ ಅಡಗಿದೆ ಎಂದು ನನಗನಿಸುತ್ತದೆ: ಮೇಲು-ಕೀಳುಗಳ ಆ ಯುಗದಲ್ಲಿ ಸಿರಿವಂತನೂ ಗಾಡಿಯವನೂ ಒಂದೇ ಒಲೆಯ ಮುಂದೆ ಕುಳಿತು, ಒಂದೇ ಊಟ ಮಾಡಿ, ಒಂದೇ ಹಣ ತೆರಬೇಕಾಗಿತ್ತು.

ಮುಂದಿನ ದೊಡ್ಡ ಬದಲಾವಣೆ ಅಂಚೆಯಿಂದ ಬಂತು. 1490ರಲ್ಲಿ ಮ್ಯಾಕ್ಸಿಮಿಲಿಯನ್ ಅರಸನಿಗಾಗಿ ಟ್ಯಾಕ್ಸಿಸ್ ಮನೆತನದವರು ಇನ್ಸ್‌ಬ್ರುಕ್‌ನಿಂದ ಈಗಿನ ಬೆಲ್ಜಿಯಮ್ಮಿನ ಮೆಖೆಲೆನ್‌ವರೆಗೆ ಕುದುರೆ ಅಂಚೆಯನ್ನು ಏರ್ಪಡಿಸಿದರು. ಕುದುರೆ ಬದಲಿಸುವ ತಾಣಗಳು ಎಷ್ಟೋ ಕಡೆ ತಂಗುಮನೆಗಳೇ ಆಗಿದ್ದವು. ಅಲ್ಲಿನ ಯಜಮಾನನೇ ಅಂಚೆಯ ಅಧಿಕಾರಿ. ಇಂದಿಗೂ ದಕ್ಷಿಣ ಜರ್ಮನಿಯ ಊರೂರಿನಲ್ಲಿ 'ಗಾಸ್ಟ್‌ಹೋಫ್ ತ್ಸುರ್ ಪೋಸ್ಟ್' ಎಂಬ ಹೆಸರು ಕಾಣುವುದು ಇದರಿಂದಲೇ. ಆದರೆ 1835ರ ಡಿಸೆಂಬರ್ 7ರಂದು ನ್ಯೂರೆಂಬರ್ಗ್ ಮತ್ತು ಫ್ಯೂರ್ಟ್ ನಡುವೆ ಜರ್ಮನಿಯ ಮೊದಲ ಉಗಿಬಂಡಿ ಓಡಿತು. ಕೆಲವೇ ದಶಕಗಳಲ್ಲಿ ಅಂಚೆಗಾಡಿಗಳು ಮೂಲೆಗೆ ಸರಿದವು. ಹೆದ್ದಾರಿಯ ಪಕ್ಕದ ಲಾಯಗಳು ಬರಿದಾದವು. ಟ್ಯಾಕ್ಸಿಸ್ ಮನೆತನದ ಅಂಚೆ 1867ರಲ್ಲಿ ಪ್ರಷ್ಯ ಸರ್ಕಾರದ ಪಾಲಾಯಿತು.

ಆಗಲೇ ಈ ಮನೆಗಳು ಮುಚ್ಚಿಹೋಗಬೇಕಿತ್ತು. ಆದರೆ ವ್ಯಾಪಾರವನ್ನು ಕಸಿದುಕೊಂಡ ರೈಲೇ ನಗರದ ಜನರನ್ನು ಕರೆತಂದಿತು. 1864ರಲ್ಲಿ ಫ್ರೈಬರ್ಗ್‌ನಲ್ಲಿ ಜರ್ಮನಿಯ ಮೊದಲ ಚಾರಣ ಸಂಘ ಹುಟ್ಟಿಕೊಂಡು ಕಪ್ಪು ಅರಣ್ಯದ ಕಾಲುದಾರಿಗಳನ್ನು ಗುರುತು ಮಾಡಿತು. ಕಾರ್ಖಾನೆಗಳ ಹೊಗೆಯಿಂದ ದಣಿದ ಮಧ್ಯಮ ವರ್ಗದವರು ಬೇಸಿಗೆಯ ವಾರಗಳನ್ನು ಹಳ್ಳಿಯಲ್ಲಿ ಕಳೆಯುವುದು ವಾಡಿಕೆಯಾಯಿತು. ವರ್ತಕನ ಜಾಗಕ್ಕೆ ವಿಹಾರಿ ಬಂದ, ಮನೆ ಉಳಿಯಿತು.

ಇಲ್ಲಿ ನನ್ನ ಸ್ವಂತ ಅನುಭವವನ್ನು ಸಂಕ್ಷೇಪವಾಗಿ ಹೇಳಬಹುದು. ಕೆಲವು ವರ್ಷಗಳ ಹಿಂದೆ ಮಗಳ ಮನೆಗೆ ಹೋಗಿದ್ದಾಗ, ಬಾಂಬರ್ಗ್ ನಗರದ ಪೂರ್ವಕ್ಕಿರುವ ಗುಡ್ಡಗಾಡಿನ ಹಳ್ಳಿಯೊಂದರಲ್ಲಿ ನಾನೂ ನನ್ನ ಪತ್ನಿಯೂ ಎರಡು ರಾತ್ರಿ ತಂಗಿದ್ದೆವು. ಮನೆಗೊಂದು ಬ್ರೂವರಿಯಿರುವ ಪ್ರದೇಶವದು. ಸುಮಾರು 1,500 ಜನವಸತಿಯ ಆಫ್‌ಸೆಸ್ ಎಂಬಲ್ಲಿ ನಾಲ್ಕು ಬ್ರೂವರಿಗಳಿದ್ದು ಗಿನ್ನೆಸ್ ದಾಖಲೆ ಸೇರಿತ್ತು. ನಾವಿದ್ದ ಮನೆಯಲ್ಲಿ ಮಗ ಬಿಯರ್ ತಯಾರಿಸುತ್ತಿದ್ದ, ಸೊಸೆ ಲೆಕ್ಕ ಮತ್ತು ಕೊಠಡಿಗಳನ್ನು ನೋಡಿಕೊಳ್ಳುತ್ತಿದ್ದಳು, ಎಂಬತ್ತು ದಾಟಿದ ಅಜ್ಜಿ ಅಡುಗೆಮನೆಯ ಒಡತಿ. ನಾವು ಮಾಂಸ ತಿನ್ನುವುದಿಲ್ಲವೆಂದು ಮಗಳು ವಿವರಿಸಿದಾಗ ಅಜ್ಜಿ ಹುಬ್ಬೇರಿಸಿದರು, ಆದರೆ ಅರ್ಧ ಗಂಟೆಯಲ್ಲಿ ನಮಗೆಂದೇ ಬೇರೆ ಪಾತ್ರೆಯಲ್ಲಿ ಮಾಡಿದ ಆಲೂಗಡ್ಡೆಯ ಕಡುಬನ್ನೂ ಅಣಬೆಯ ಗೊಜ್ಜನ್ನೂ ತಂದಿಟ್ಟರು. ಮೂಲೆಯಲ್ಲಿ ಊರಿನ ಹಿರಿಯರಿಗೆ ಮೀಸಲಾದ ಮೇಜು. ಅದನ್ನು 'ಸ್ಟಾಮ್‌ಟಿಷ್' ಎನ್ನುತ್ತಾರೆ. ಹೊರಗಿನವರು ಕರೆಯದೆ ಅಲ್ಲಿ ಕೂರುವಂತಿಲ್ಲ. ಬಂದವರು ಒಬ್ಬೊಬ್ಬರ ಕೈ ಕುಲುಕುವ ಬದಲು ಮೇಜನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ ಕುಳಿತುಕೊಳ್ಳುತ್ತಾರೆ. ಎರಡನೆಯ ಸಂಜೆ ಅವರಲ್ಲೊಬ್ಬರು ನಮ್ಮ ಮೇಜಿನ ಬಳಿ ನಿಂತು ಅದನ್ನೂ ಹಾಗೆಯೇ ತಟ್ಟಿ ಹೋದರು. ಅದು ನಮಗೆ ಸಂದ ಮರ್ಯಾದೆ ಎಂದು ಮಗಳು ಹೇಳಿದಳು. ಮೊಮ್ಮಗ ಏನು ಮಾಡುತ್ತಾನೆ ಎಂದು ನನ್ನ ಪತ್ನಿ ವಿಚಾರಿಸಿದಾಗ, ಅಜ್ಜಿ "ಎರ್‌ಲಾಂಗೆನ್‌ನಲ್ಲಿ ಕಂಪ್ಯೂಟರ್ ಓದುತ್ತಿದ್ದಾನೆ" ಎಂದಷ್ಟೇ ಹೇಳಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಚರಿತ್ರೆಗೆ ಅಪಚಾರವಾದೀತು. ಇದೇ ಬಾಗಿಲುಗಳು ಮುಚ್ಚಿದ ಕಾಲವೂ ಇತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಕೆಲವು ವಿಹಾರಧಾಮಗಳು ಯಹೂದಿಗಳನ್ನು ಸೇರಿಸುವುದಿಲ್ಲವೆಂದು ಬಹಿರಂಗವಾಗಿಯೇ ಹೇಳಿಕೊಳ್ಳುತ್ತಿದ್ದವು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ 'ಯಹೂದಿಗಳು ಇಲ್ಲಿ ಬೇಡ' ಎಂಬ ಫಲಕಗಳು ದೇಶದಾದ್ಯಂತ ತಂಗುಮನೆಗಳ ಬಾಗಿಲಲ್ಲಿ, ಹಳ್ಳಿಗಳ ಹೆಬ್ಬಾಗಿಲಲ್ಲಿ ಕಾಣಿಸಿಕೊಂಡವು. ತಲೆಮಾರುಗಳಿಂದ ಪಕ್ಕದ ಬೀದಿಯಲ್ಲಿದ್ದು, ದನದ ವ್ಯಾಪಾರವನ್ನು ಅದೇ ಮೇಜಿನಲ್ಲಿ ಕುದುರಿಸುತ್ತಿದ್ದವನು ಒಂದು ಬೆಳಗ್ಗೆ ಹೊರಗಿನವನಾದ. ಆ ಹಳೆಯ ಶಬ್ದದಲ್ಲಿ ಅತಿಥಿಯ ಬೆನ್ನಿಗೇ ನಿಂತಿದ್ದ ಶತ್ರು ಎಂಬ ಅರ್ಥ ಮೇಲೆದ್ದು ಬಂದದ್ದು ಹೀಗೆ. ಮಠದ ನಿಯಮವಾಗಲಿ, ಮನೆತನದ ಪರಂಪರೆಯಾಗಲಿ ತಾವಾಗಿಯೇ ಬಾಗಿಲನ್ನು ತೆರೆದಿಡಲಾರವು. ತೆರೆದಿಡಬೇಕಾದವರು ಆಯಾ ಕಾಲದ ಮನುಷ್ಯರೇ. 2015ರಲ್ಲಿ ಸಿರಿಯ ಮೊದಲಾದ ದೇಶಗಳಿಂದ ನಿರಾಶ್ರಿತರು ಬಂದಾಗ, ಗಿರಾಕಿಗಳಿಲ್ಲದೆ ಮುಚ್ಚಿದ್ದ ಎಷ್ಟೋ ಹಳ್ಳಿಯ ತಂಗುಮನೆಗಳು ಅವರ ವಸತಿಗೆ ಒದಗಿದವು ಎಂಬುದನ್ನೂ ಇದರ ಜೊತೆಗೇ ನೆನೆಯಬೇಕು.

ಹೌದು, ಗಿರಾಕಿಗಳಿಲ್ಲದೆ. ಬವೇರಿಯ ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸ್ಥಳೀಯ ಆಡಳಿತ ಘಟಕಗಳಿವೆ. ಅವುಗಳಲ್ಲಿ ಸುಮಾರು ಐನೂರರಲ್ಲಿ ಊಟದ ಮನೆಯೇ ಉಳಿದಿಲ್ಲವೆಂದು 2010ರ ದಶಕದಲ್ಲೇ ವರದಿಯಾಗಿತ್ತು. ಕಾರಣಗಳು ಹಲವು. ಕೆಲಸಕ್ಕೆ ಜನ ಸಿಗುವುದಿಲ್ಲ. ನಿಯಮ, ಲೆಕ್ಕಪತ್ರಗಳ ಹೊರೆ ಬೆಳೆದಿದೆ. 2020ರ ಕೊರೋನಾ ಕಾಲದ ನಷ್ಟ ಹಲವರನ್ನು ಮೇಲೇಳದಂತೆ ಮಾಡಿತು. ಊಟದ ಮೇಲಿನ ತೆರಿಗೆಯನ್ನು ಆ ವರ್ಷ ಶೇಕಡ 19ರಿಂದ 7ಕ್ಕೆ ಇಳಿಸಿದ್ದವರು 2024ರ ಜನವರಿಯಲ್ಲಿ ಮತ್ತೆ 19ಕ್ಕೆ ಏರಿಸಿದರು. 2026ರ ಜನವರಿಯಿಂದ ಪುನಃ 7ಕ್ಕೆ ಇಳಿಸಿದ್ದಾರೆ. ಆದರೆ ಎಲ್ಲಕ್ಕಿಂತ ದೊಡ್ಡ ಕಾರಣ ಆ ಅಜ್ಜಿಯ ಉತ್ತರದಲ್ಲಿತ್ತು. ರೈಲು ಬಂದಾಗ ಗಿರಾಕಿ ಬದಲಾದರೂ ಮನೆಯಲ್ಲಿ ಮಗನಿದ್ದ. ಹಬ್ಬದ ದಿನವೂ, ಭಾನುವಾರವೂ, ನಡುರಾತ್ರಿಯವರೆಗೂ ದುಡಿಯುವ ಈ ಬದುಕನ್ನು ಇಂದಿನ ಮಕ್ಕಳು ಬೇಡವೆಂದರೆ ಅವರನ್ನು ದೂಷಿಸುವ ಮನಸ್ಸು ನನಗಿಲ್ಲ. ಓದಿ ಊರು ಬಿಡಿ ಎಂದು ನಿಮಗೆಲ್ಲ ಬೋಧಿಸಿದವನು ನಾನೇ ಅಲ್ಲವೇ?

ಹಾಗಾದರೆ ದಾರಿಯೇನು? ಕೆಲವು ಊರುಗಳವರು ಒಂದು ದಾರಿ ಕಂಡುಕೊಂಡಿದ್ದಾರೆ. ಕುಟುಂಬ ಕೈಬಿಟ್ಟಲ್ಲಿ ಊರೇ ಕುಟುಂಬವಾಗುವುದು. ಫ್ರೈಬರ್ಗ್ ಬಳಿಯ ಬೋಲ್‌ಶ್ವೈಲ್ ಗ್ರಾಮಸ್ಥರು ಷೇರು ಹಣ ಕೂಡಿಸಿ ಸಹಕಾರ ಸಂಘ ಕಟ್ಟಿ 2010ರಲ್ಲಿ ತಮ್ಮೂರಿನ ಊಟದ ಮನೆಯನ್ನು ತೆರೆದರು. ಬೇರೆ ಊರುಗಳೂ ಇಂಥ ಪ್ರಯತ್ನ ಮಾಡಿವೆ. ಸಹಕಾರದ ಈ ಮಾರ್ಗ ಆ ನಾಡಿಗೆ ಹೊಸದಲ್ಲ. ಫ್ರೀಡ್ರಿಕ್ ವಿಲ್‌ಹೆಲ್ಮ್ ರೈಫೈಸನ್ ಎಂಬ ಗ್ರಾಮಾಧಿಕಾರಿ 1846-47ರ ಕ್ಷಾಮದಲ್ಲಿ ಬಡವರಿಗೆ ಬ್ರೆಡ್ಡು ಒದಗಿಸಲು ಆರಂಭಿಸಿದ ಸಂಘವೇ ಮುಂದೆ ಗ್ರಾಮೀಣ ಸಾಲ ಸಹಕಾರ ಸಂಘಗಳಿಗೆ ದಾರಿಯಾಯಿತು. ಮದರಾಸು ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಅದನ್ನು ಅಧ್ಯಯನ ಮಾಡಿ ವರದಿ ಕೊಟ್ಟ. 1904ರಲ್ಲಿ ಭಾರತದಲ್ಲಿ ಸಹಕಾರ ಕಾಯಿದೆ ಬಂತು. 1905ರಲ್ಲಿ ನಮ್ಮ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಸ್ಥಾಪಿಸಿದರು. ಜರ್ಮನಿಯ ಹಳ್ಳಿಯೊಂದರ ಕಷ್ಟದಲ್ಲಿ ಹುಟ್ಟಿದ ವಿಚಾರ ಕನ್ನಡ ನಾಡಿನ ರೈತನ ಮನೆಗೂ ಬಂದು ತಲುಪಿತ್ತು ಎಂಬುದು ನಮಗೆ ಸಂತೋಷದ ಸಂಗತಿ.

ನಿಮ್ಮಲ್ಲಿ ಹಲವರು ಈಗ ಆ ದೇಶದಲ್ಲಿದ್ದೀರಿ, ಕೆಲವರು ಕೆಲಸದ ಮೇಲೆ ಹೋಗಿಬರುತ್ತೀರಿ. ಅವಕಾಶವಾದರೆ ಹೆದ್ದಾರಿಯ ದೊಡ್ಡ ಹೋಟೆಲನ್ನು ಬಿಟ್ಟು ಇಂಥದೊಂದು ಮನೆಯಲ್ಲಿ ಒಂದು ರಾತ್ರಿ ತಂಗಿ ನೋಡಿ. ವಾರದಲ್ಲಿ ಒಂದೆರಡು ದಿನ ಅವರಿಗೆ ರಜೆಯಿರುತ್ತದೆ, ವಿಚಾರಿಸಿಕೊಂಡು ಹೋಗಿ. ಮೂಲೆಯ ಮೇಜಿನಲ್ಲಿ ಕೂರಬೇಡಿ. ಹೆಸರು-ವಿಳಾಸ ಬರೆಯುವ ನಮೂನೆಯೊಂದನ್ನು ಕೊಡುತ್ತಾರೆ; 2025ರಿಂದ ಅದು ಜರ್ಮನ್ ಪ್ರಜೆಗಳಿಗೆ ಬೇಕಿಲ್ಲ, ವಿದೇಶೀಯರಿಗೆ ಮಾತ್ರ ಉಳಿದಿದೆ. ಬೇಸರಪಡದೆ ಬರೆದುಕೊಡಿ. ಅಡುಗೆಮನೆಯಲ್ಲಿ ಅಜ್ಜಿಯೊಬ್ಬರಿದ್ದರೆ, ಊಟ ಚೆನ್ನಾಗಿತ್ತೆಂದು ಅವರ ಭಾಷೆಯಲ್ಲಿಯೇ ಒಂದು ಮಾತು ಹೇಳಿ ಬನ್ನಿ.