ಎಕ್ಕಗಳ ಲೆಕ್ಕ

ಮಹಾಯುದ್ಧಗಳ ಪಾಠ ಬಂದೊಡನೆ ತರಗತಿಯಲ್ಲಿ ತಪ್ಪದೆ ಏಳುತ್ತಿದ್ದ ಒಂದು ಪ್ರಶ್ನೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು: "ಸರ್, ಎಲ್ಲರಿಗಿಂತ ಹೆಚ್ಚು ವಿಮಾನ ಉರುಳಿಸಿದವರು ಯಾರು?" ಉತ್ತರ ಒಂದೇ ಸಾಲಿನದು. ಜರ್ಮನಿಯ ಎರಿಕ್ ಹಾರ್ಟ್‌ಮನ್, 352 ವಿಮಾನಗಳು. ಆದರೆ ಆ ಸಂಖ್ಯೆಯನ್ನು ಎಣಿಸಿದವರು ಯಾರು, ಎಣಿಸಿದ ಕ್ರಮವೇನು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಪಾಠ ಮುಗಿಸುವ ಅವಸರದಲ್ಲಿ ಹೇಳದೆ ಉಳಿದ ಆ ಮಾತನ್ನು ಈಗ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಇಸ್ಪೀಟಿನ ಎಕ್ಕವನ್ನು ಫ್ರೆಂಚರು 'ಆಸ್' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದೇ 'ಏಸ್'. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಪತ್ರಿಕೆಗಳು ಶತ್ರುವಿಮಾನಗಳನ್ನು ಉರುಳಿಸಿದ ವೈಮಾನಿಕರನ್ನು ಈ ಹೆಸರಿನಿಂದ ಕೊಂಡಾಡತೊಡಗಿದವು. ಮೊದಲು ಹಾಗೆ ಕರೆಸಿಕೊಂಡವನು ಅಡಾಲ್ಫ್ ಪೆಗೂ. ಐದು ವಿಮಾನ ಕೆಡವಿದವನು ಏಸ್ ಎಂಬ ರೂಢಿ ಕ್ರಮೇಣ ನಿಂತಿತು. ಪೆಗೂ ಯುದ್ಧಕ್ಕೆ ಮುಂಚೆ ವಿಮಾನ ಹಾರಿಸುವ ವಿದ್ಯೆಯನ್ನು ಕಲಿಸುತ್ತಿದ್ದವನು. 1915ರ ಆಗಸ್ಟ್ 31ರಂದು ಅವನನ್ನು ಹೊಡೆದುರುಳಿಸಿದ ಜರ್ಮನ್ ವೈಮಾನಿಕ ಕಂಡುಲ್ಸ್ಕಿ ಅವನ ಬಳಿಯೇ ಕಲಿತಿದ್ದ ಶಿಷ್ಯ! ತಾನು ಕೊಂದದ್ದು ಯಾರನ್ನೆಂದು ತಿಳಿದ ಮೇಲೆ ಅವನು ಫ್ರೆಂಚರ ಸಾಲಿನ ಮೇಲೆ ಹಾರಿಹೋಗಿ ಹೂಮಾಲೆಯೊಂದನ್ನು ಕೆಳಗೆ ಬಿಟ್ಟನಂತೆ. ಮೇಷ್ಟರಾದವರಿಗೆ ಓದಲು ಕಷ್ಟವಾಗುವ ಪ್ರಸಂಗವಿದು.

ಇನ್ನು ಎಣಿಕೆಯ ಮಾತು. ಒಂದೊಂದು ದೇಶಕ್ಕೆ ಒಂದೊಂದು ಪದ್ಧತಿ. ಬ್ರಿಟಿಷರ ಲೆಕ್ಕದಲ್ಲಿ ಕಣ್ಣೆದುರೇ ನಾಶವಾದ ವಿಮಾನವಷ್ಟೇ ಅಲ್ಲ, ಹತೋಟಿ ತಪ್ಪಿ ತಿರುಗುತ್ತ ಕೆಳಗಿಳಿದದ್ದೂ ಒಂದು ವಿಜಯವೇ. ಹಾಗೆ ಇಳಿದವರಲ್ಲಿ ಎಷ್ಟೋ ಮಂದಿ ಮೋಡದ ಕೆಳಗೆ ವಿಮಾನವನ್ನು ಸರಿಪಡಿಸಿಕೊಂಡು ಮನೆ ಸೇರಿದ್ದುಂಟು. ಇಬ್ಬರು ಸೇರಿ ಒಂದನ್ನು ಕೆಡವಿದರೆ ಇಬ್ಬರ ಖಾತೆಗೂ ಒಂದೊಂದು ಜಮೆಯಾಗುತ್ತಿತ್ತು.

ಈ ಪದ್ಧತಿಯಲ್ಲಿಯೇ ಏಸ್ ಎನಿಸಿಕೊಂಡವನು ನಮ್ಮ ಇಂದ್ರಲಾಲ್ ರಾಯ್. 1898ರ ಡಿಸೆಂಬರ್ 2ರಂದು ಕಲ್ಕತ್ತೆಯಲ್ಲಿ ಜನಿಸಿ, ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿದ ಹುಡುಗ. ವಾಯುದಳ ಸೇರಲು ಹೋದಾಗ ದೃಷ್ಟಿ ಸಾಲದೆಂದು ವೈದ್ಯರು ತಿರಸ್ಕರಿಸಿದರು. ಅವನು ತನ್ನ ಮೋಟಾರ್ ಸೈಕಲ್ಲನ್ನು ಮಾರಿ, ಆ ಹಣದಿಂದ ಹೆಸರಾಂತ ನೇತ್ರತಜ್ಞರೊಬ್ಬರಲ್ಲಿ ಮತ್ತೆ ಪರೀಕ್ಷೆ ಮಾಡಿಸಿಕೊಂಡು ಅವರಿಂದ ಒಪ್ಪಿಗೆ ಪಡೆದ. 1917ರಲ್ಲಿ ದಳ ಸೇರಿದ; ಅದೇ ಡಿಸೆಂಬರಿನಲ್ಲಿ ಅವನ ವಿಮಾನ ಅಪಘಾತಕ್ಕೀಡಾಯಿತು. ಸತ್ತನೆಂದೇ ಭಾವಿಸಿ ಹೆಣಗಳ ಕೋಣೆಯಲ್ಲಿ ಇರಿಸಿದ್ದರು, ಎಚ್ಚರವಾಗಿ ಬಾಗಿಲು ಬಡಿದ ಎಂಬ ಕಥೆಯಿದೆ. ಕಥೆಯನ್ನು ಕಥೆಯೆಂದೇ ಸ್ವೀಕರಿಸೋಣ. ಗುಣಮುಖನಾಗುತ್ತ ಆಸ್ಪತ್ರೆಯಲ್ಲಿ ಮಲಗಿ ಅವನು ಬಿಡಿಸಿದ ವಿಮಾನಗಳ ಚಿತ್ರಗಳು ಮಾತ್ರ ನಿಜವಾಗಿಯೂ ಉಳಿದುಬಂದಿವೆ. ಮತ್ತೆ ಹಾರಲು ಅನರ್ಹನೆಂದರೂ ಬಿಡದೆ ಕಾಡಿ, 1918ರ ಜೂನ್ ತಿಂಗಳಲ್ಲಿ 40ನೆಯ ಸ್ಕ್ವಾಡ್ರನ್ ಸೇರಿದ.

ಅನಂತರ ನಡೆದದ್ದೆಲ್ಲ ಎರಡೇ ವಾರಗಳ ಮಾತು. ಜುಲೈ 6ರಿಂದ 19ರವರೆಗೆ ಅವನ ಹೆಸರಿನಲ್ಲಿ 10 ವಿಜಯಗಳು ದಾಖಲಾದವು. ಇವುಗಳಲ್ಲಿ ನಾಶವೆಂದು ಬರೆದದ್ದು ಐದು, ಹತೋಟಿ ತಪ್ಪಿದ್ದೆಂದು ಬರೆದದ್ದು ಐದು. ಎರಡರಲ್ಲಿ ಜೊತೆಗಾರರ ಪಾಲಿತ್ತು. ಕಟ್ಟುನಿಟ್ಟಿನ ಲೆಕ್ಕಿಗನೊಬ್ಬ ಕುಳಿತರೆ ಹತ್ತು ಐದಾದೀತು, ಐದು ನಾಲ್ಕಾದೀತು. ಹಾಗೆಂದು ಆ ಹುಡುಗ ಆಕಾಶದಲ್ಲಿ ಎದುರಿಸಿದ ಅಪಾಯವೇನೂ ಅರ್ಧವಾಗುವುದಿಲ್ಲವಷ್ಟೆ. ಜುಲೈ 22ರಂದು ಫ್ರಾನ್ಸಿನ ಕಾರ್ವ್ಯಾಂ ಎಂಬಲ್ಲಿ ಜರ್ಮನ್ ಫೋಕರ್ ವಿಮಾನಗಳೊಡನೆ ಕಾದಾಡುತ್ತ ಅವನು ಮಡಿದ. ಹತ್ತೊಂಬತ್ತು ವರ್ಷ ವಯಸ್ಸು. ಅವನ ನಾಯಕ ಜಾರ್ಜ್ ಮೆಕೆಲ್ರಾಯ್ ಒಂಬತ್ತು ದಿನಗಳ ತರುವಾಯ ತಾನೂ ಹತನಾದ. ಎಸ್ತೆವೆಲ್ ಎಂಬ ಹಳ್ಳಿಯಲ್ಲಿರುವ ಇಂದ್ರಲಾಲನ ಸಮಾಧಿಯ ಮೇಲೆ ಬಂಗಾಳಿ ಲಿಪಿಯ ಬರೆಹವಿದೆ. ಆ ಸೆಪ್ಟೆಂಬರಿನಲ್ಲಿ ಅವನಿಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪ್ರಕಟವಾಯಿತು. ಅದನ್ನು ಪಡೆದ ಮೊದಲ ಭಾರತೀಯ ಅವನೇ. ಭಾರತಕ್ಕೆ ತನ್ನದೇ ವಾಯುಪಡೆ ಸ್ಥಾಪನೆಯಾಗಲು ಇನ್ನೂ ಹದಿನಾಲ್ಕು ವರ್ಷಗಳಿದ್ದವು. ನಮ್ಮ ಪಠ್ಯಪುಸ್ತಕದಲ್ಲಿ ಅವನಿಗೆ ಒಂದು ಸಾಲಾದರೂ ಇರಬೇಕಿತ್ತೆಂಬ ಕೊರಗು ನನಗಿದೆ.

ಹಾರ್ಟ್‌ಮನ್ನನ 352ಕ್ಕೂ ಇಂತಹುದೇ ಹಿನ್ನೆಲೆಯುಂಟು. ಜರ್ಮನ್ ವೈಮಾನಿಕರಿಗೆ ಸರದಿ ಮುಗಿಸಿ ಮನೆಗೆ ಹೋಗುವ ಪದ್ಧತಿಯಿರಲಿಲ್ಲ. ಸಾಯುವವರೆಗೆ ಅಥವಾ ಯುದ್ಧ ಮುಗಿಯುವವರೆಗೆ ಹಾರಬೇಕು. ಅವನು 1,400ಕ್ಕೂ ಹೆಚ್ಚು ಬಾರಿ ಹಾರಿದ. ಅಮೆರಿಕದ ರಿಚರ್ಡ್ ಬಾಂಗ್ 40 ವಿಮಾನ ಕೆಡವುತ್ತಲೇ, ಇನ್ನು ಸಾಕೆಂದು ಮೇಲಧಿಕಾರಿಗಳು ಊರಿಗೆ ಕಳುಹಿಸಿದರು. ಅವನಾದರೋ ಊರಿನಲ್ಲಿ ಜೆಟ್ ವಿಮಾನವನ್ನು ಪರೀಕ್ಷಿಸುತ್ತ, 1945ರ ಆಗಸ್ಟ್ 6ರಂದು, ಎಂದರೆ ಹಿರೋಷಿಮಾದ ದಿನವೇ ತೀರಿಕೊಂಡ.

ವಿಮಾನವಾದರೂ ಬಿದ್ದಲ್ಲಿ ಅವಶೇಷವಿರುತ್ತದೆ. ಅಡಗಿ ಕುಳಿತು ದೂರದಿಂದ ಗುಂಡು ಹೊಡೆಯುವ ಸ್ನೈಪರ್‌ನ ಲೆಕ್ಕ ಇನ್ನೂ ಕಠಿಣ. ಈ ಶಬ್ದಕ್ಕೂ ನಮ್ಮ ದೇಶಕ್ಕೂ ನಂಟಿದೆ. 18ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಕೆಸರುಗದ್ದೆಗಳಲ್ಲಿ ಸ್ನೈಪ್ ಎಂಬ ಹಕ್ಕಿಯ ಬೇಟೆಯಾಡುತ್ತಿದ್ದರು. ಎದ್ದೊಡನೆ ಅಂಕುಡೊಂಕಾಗಿ ಹಾರುವ ಆ ಪುಟ್ಟ ಹಕ್ಕಿಯನ್ನು ಹೊಡೆಯುವುದು ಎಲ್ಲರಿಗೂ ಸಾಧ್ಯವಿರಲಿಲ್ಲ.

ಸ್ನೈಪರ್‌ಗಳ ಪಟ್ಟಿಯ ತುದಿಯಲ್ಲಿರುವವನು ಫಿನ್ಲೆಂಡಿನ ರೈತ ಸಿಮೊ ಹಾಯ್ಹಾ. 1939ರ ನವೆಂಬರಿನಲ್ಲಿ ಸೋವಿಯತ್ ಸೇನೆ ಅವನ ದೇಶದ ಮೇಲೆರಗಿದಾಗ, ಕೊಲ್ಲಾ ಎಂಬಲ್ಲಿ ಹಿಮದಲ್ಲಿ ಹುದುಗಿ ಹೋರಾಡಿದ. ಗಾಜು ಹೊಳೆದರೆ ಶತ್ರುವಿಗೆ ಸುಳಿವು ಸಿಗುತ್ತದೆಂದು ಬಂದೂಕಿಗೆ ದುರ್ಬೀನು ಜೋಡಿಸುತ್ತಿರಲಿಲ್ಲ; ಉಸಿರಿನ ಆವಿ ಕಾಣದಿರಲೆಂದು ಬಾಯಲ್ಲಿ ಹಿಮ ಇಟ್ಟುಕೊಳ್ಳುತ್ತಿದ್ದ. ಅವನು ಕೊಂದವರೆಷ್ಟು? ಫಿನ್ಲೆಂಡಿನ ಪತ್ರಿಕೆಗಳು 542 ಎಂದವು. 1940ರ ಫೆಬ್ರವರಿಯಲ್ಲಿ ಅವನಿಗೆ ಗೌರವದ ಬಂದೂಕು ನೀಡಿದ ಸೇನಾಧಿಕಾರಿ, ಬಂದೂಕಿನಿಂದ 219, ಸಬ್‌ಮಷೀನ್ ಗನ್ನಿನಿಂದ ಅಷ್ಟೇ ಮಂದಿ ಎಂದರು. ಸೇನೆಯ ಪಾದ್ರಿಯ ದಿನಚರಿಯಲ್ಲಿ 219ರ ಬದಲು 259 ಇದೆ.

ಮಾರ್ಚ್ 6ರಂದು ಗುಂಡೊಂದು ಅವನ ದವಡೆಯನ್ನು ಛಿದ್ರಗೊಳಿಸಿತು. ಪ್ರಜ್ಞೆ ಬಂದದ್ದು 13ರಂದು, ಶಾಂತಿ ಏರ್ಪಟ್ಟ ದಿನ. ಆಮೇಲೆ ಹೊಲ, ನಾಯಿಗಳು, ಬೇಟೆ ಎಂದುಕೊಂಡು ಬದುಕಿ 2002ರಲ್ಲಿ 96 ವರ್ಷದವನಾಗಿ ತೀರಿಕೊಂಡ. ಸಂಖ್ಯೆಯ ಮಾತನ್ನು ಎಂದೂ ಆಡಲಿಲ್ಲ. 1940ರಲ್ಲಿಯೇ ಅವನು ಬರೆದಿಟ್ಟಿದ್ದ ನೆನಪುಗಳ ಪುಸ್ತಕವೊಂದು 2017ರಲ್ಲಿ ದೊರೆಯಿತು. ಅದರಲ್ಲಿ ಸುಮಾರು 500 ಎಂದಿದೆ. ಆ ಲೆಕ್ಕಕ್ಕೆ ಅವನೇ ಕೊಟ್ಟ ಹೆಸರು, ತನ್ನ ಪಾಪಗಳ ಪಟ್ಟಿ.