ಘಟ್ಟದ ಮೇಲಣ ಬೋಳುಸೀಮೆ ಮತ್ತು ಕಳಸ-ಕಾರ್ಕಳ ರಾಜ್ಯ

ಕಾರ್ಕಳದ ಗೊಮ್ಮಟಬೆಟ್ಟವನ್ನೇರಿ ಮೂಡಣದತ್ತ ದೃಷ್ಟಿ ಹಾಯಿಸಿದವರಿಗೆ ಘಟ್ಟಗಳ ನೀಲಿಯ ಸಾಲು ಗೋಚರಿಸುತ್ತದೆ. ಸ್ವಾಮಿಯ ದರ್ಶನ ಮುಗಿಸಿ ಇಳಿಯುವ ಯಾತ್ರಿಕರಲ್ಲಿ ಆ ಸಾಲಿನ ಮೇಲೆ ಏನಿದೆಯೆಂದು ವಿಚಾರಿಸುವವರು ವಿರಳ. ಆದರೆ 1432ರ ಫೆಬ್ರವರಿ 13ರಂದು ಈ ಬಾಹುಬಲಿ ಬಿಂಬವನ್ನು ಪ್ರತಿಷ್ಠಾಪಿಸಿದ ವೀರಪಾಂಡ್ಯ ಭೈರರಸನಿಗೆ ಆ ಘಟ್ಟವು ರಾಜ್ಯದ ಅಂಚಾಗಿರಲಿಲ್ಲ, ನಡುವಾಗಿತ್ತು. ಕೆಳಗೆ ಕಾರ್ಕಳ, ಮೇಲೆ ಭದ್ರಾನದಿಯ ದಂಡೆಯಲ್ಲಿ ಕಳಸ. ಇವೆರಡೂ ಒಂದೇ ಮನೆತನದ ರಾಜಧಾನಿಗಳು. ಇತಿಹಾಸಕಾರರು ಇದನ್ನು ಕಳಸ-ಕಾರ್ಕಳ ರಾಜ್ಯವೆಂದೇ ಕರೆದಿದ್ದಾರೆ.

ನಾನು ಇತಿಹಾಸ ಪಂಡಿತನಲ್ಲ. ಮೆಣಸು, ಏಲಕ್ಕಿ, ಕಾಫಿಯ ವ್ಯವಹಾರಕ್ಕಾಗಿ ಆ ದಾರಿಯಲ್ಲಿ ಎಷ್ಟೋ ಬಾರಿ ಓಡಾಡಿದವನು. ಬಜಗೋಳಿ, ಮಾಳಗಳನ್ನು ದಾಟಿ ಬಸ್ಸು ಘಟ್ಟವೇರುವಾಗ ಮೊದಲು ದಟ್ಟವಾದ ಅರಣ್ಯ. ಮೇಲೇರಿದಂತೆ ಮರಗಳು ಹಿಂದೆ ಸರಿದು, ಎತ್ತ ನೋಡಿದರೂ ಹುಲ್ಲಿನ ಬೋಳುಗುಡ್ಡಗಳು. ನೀರಿಳಿಯುವ ಕಣಿವೆಗಳ ಮಡಿಲಲ್ಲಿ ಮಾತ್ರ ಶೋಲಾ ಎಂಬ ಕುಳ್ಳ ಕಾಡಿನ ತುಂಡುಗಳು. ನಡುವೆ ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ ಶಿಖರ. ಅರಬ್ಬೀ ಸಮುದ್ರದ ನಾವಿಕರಿಗೆ ಅದು ದಿಕ್ಕು ತಿಳಿಸುವ ಗುರುತಾಗಿತ್ತು. ಗಾಳಿ, ತೆಳುಮಣ್ಣು, ಕಾಡುಕಿಚ್ಚು ಇವುಗಳಲ್ಲಿ ಯಾವುದರಿಂದ ಈ ಸೀಮೆ ಬೋಳಾಯಿತೆಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಆದರೆ ಬೋಳೆಂದರೆ ಪಾಳಲ್ಲ. ಮಳೆಗಾಲದ ನೀರನ್ನು ಹೀರಿಕೊಂಡು ಬೇಸಗೆಯಲ್ಲಿ ತೊರೆಗಳಿಗೆ ಬಿಡುವುದು ಈ ಹುಲ್ಲು ಮತ್ತು ಶೋಲಾಗಳೇ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಗಂಗಾಮೂಲವೂ ಇದೇ ಪ್ರದೇಶದಲ್ಲಿದೆ.

ಭೈರರಸರು ಹೊಂಬುಜದ ಸಾಂತರರ ಪೀಳಿಗೆಯವರು. ತಾವು ಜಿನದತ್ತರಾಯನ ವಂಶದವರೆಂದು ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ಹೊಂಬುಜದಿಂದ ಕಳಸಕ್ಕೆ, ಕಳಸದಿಂದ ಕಾರ್ಕಳಕ್ಕೆ ಅವರು ಇಳಿದು ಬಂದುದು ಏತಕ್ಕೆ? ವ್ಯಾಪಾರಿಯಾದ ನನಗೆ ತೋರುವ ಕಾರಣವಿಷ್ಟು: ಮೆಣಸು, ಅಡಕೆ ಬೆಳೆಯುವುದು ಮೇಲೆ, ಹಡಗು ನಿಲ್ಲುವುದು ಕೆಳಗೆ. ಮೇಲಿನವರಿಗೆ ಉಪ್ಪು ಬೇಕು, ಕೆಳಗಿನವರಿಗೆ ಮಾರಲು ಸರಕು ಬೇಕು. ಎರಡೂ ತುದಿಗಳನ್ನು ಹಿಡಿದವನಿಗೆ ಸುಂಕವೂ ದೊರೆಯುತ್ತದೆ. ಘಟ್ಟವೇರಿ ದಣಿದ ಹೇರೆತ್ತುಗಳಿಗೆ ಹುಲ್ಲು ನೀರುಗಳುಳ್ಳ ಇಂತಹ ಬಯಲಿಗಿಂತ ಉತ್ತಮವಾದ ತಂಗುದಾಣ ಮತ್ತಾವುದಿದ್ದೀತು?

ಕಳಸದಲ್ಲಿ ಹದಿಮೂರನೆಯ ಶತಮಾನದಲ್ಲಿ ಜಾಕಲದೇವಿ, ಕಾಳಲದೇವಿ ಎಂಬ ರಾಣಿಯರು ರಾಜ್ಯವಾಳಿದರು. ಅರಸರು ಜಿನಭಕ್ತರಾಗಿದ್ದರೂ ಅಲ್ಲಿಯ ಕಳಸೇಶ್ವರನಿಗೆ ದತ್ತಿಗಳನ್ನು ಬಿಟ್ಟಿದ್ದಾರೆ. ಕೆಳಗೆ ಕಾರ್ಕಳದಲ್ಲಿ 1586ರಲ್ಲಿ ಇಮ್ಮಡಿ ಭೈರರಸನು ಚತುರ್ಮುಖ ಬಸದಿಯನ್ನು ಕಟ್ಟಿಸಿ, ನಾಲ್ಕು ದಿಕ್ಕುಗಳಿಗೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರನ್ನು ನಿಲ್ಲಿಸಿದನು. ಅಪ್ಪಟ ಕಗ್ಗಲ್ಲಿನ ಆ ಕಟ್ಟಡದ ವೆಚ್ಚವನ್ನು ಯೋಚಿಸುವಾಗಲೆಲ್ಲ ನನ್ನ ಮನಸ್ಸು ಘಟ್ಟದ ಹಾದಿಯ ಹೇರುಗಳತ್ತ ಹೋಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಇಕ್ಕೇರಿಯ ನಾಯಕರ ಪ್ರಾಬಲ್ಯದಿಂದ ಈ ರಾಜ್ಯ ಕುಂದಿತು.

ಅದಕ್ಕಿಂತಲೂ ದೊಡ್ಡ ಸೀಳು 1799ರಲ್ಲಿ ಬಿತ್ತು. ಶ್ರೀರಂಗಪಟ್ಟಣದ ಪತನಾನಂತರ ಕಳಸವು ಮೈಸೂರಿಗೆ ಸೇರಿತು. ಕಾರ್ಕಳವು ಕಂಪನಿ ಸರಕಾರದ ಪಾಲಾಗಿ ಮುಂದೆ ಮದರಾಸು ಪ್ರಾಂತಕ್ಕೊಳಪಟ್ಟಿತು. 1956ರವರೆಗೆ ಒಂದು ರಾಜ್ಯದ ಎರಡು ರಾಜಧಾನಿಗಳು ಎರಡು ಸರಕಾರಗಳಲ್ಲಿದ್ದವು. ಘಟ್ಟದ ತಲೆಯಲ್ಲಿರುವ ಒಂದು ತಾಣಕ್ಕೆ ಜನರು ಇಂದಿಗೂ 'ಎಸ್.ಕೆ. ಬಾರ್ಡರ್' ಎನ್ನುತ್ತಾರೆ. ಸೌತ್ ಕೆನರಾ ಎಂಬ ಹೆಸರು ಹೋದರೂ ಗಡಿ ಮಾತಿನಲ್ಲಿ ಉಳಿದಿದೆ.

1976ರಲ್ಲಿ ಸ್ಥಾಪಿತವಾದ ಸರಕಾರಿ ಉದ್ಯಮವೊಂದು ಇಲ್ಲಿ ಕಬ್ಬಿಣದ ಅದಿರನ್ನು ತೆಗೆದು, ನೀರಿನೊಡನೆ ಕೊಳವೆಯಲ್ಲಿ ಮಂಗಳೂರಿಗೆ ಹರಿಯಿಸಿತು. ಕುದುರೆಮುಖದಲ್ಲಿ ಪಟ್ಟಣವೇ ಎದ್ದಿತು. ನಮ್ಮಂತಹ ವರ್ತಕರಿಗೂ ಅದರಿಂದ ಲಾಭವಾಯಿತೆಂಬುದನ್ನು ಮರೆಮಾಚಲಾರೆ. ಆದರೆ ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿಯುವುದನ್ನೂ ಕಂಡಿದ್ದೇನೆ. 1987ರಲ್ಲಿ ಈ ಪ್ರದೇಶವು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಸುಪ್ರೀಂ ಕೋರ್ಟಿನ ಆಜ್ಞೆಯ ಮೇರೆಗೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅಗೆದ ಗುಡ್ಡಗಳ ಮೆಟ್ಟಿಲುಗಳ ಮೇಲೆ ಹುಲ್ಲು ಮರಳುತ್ತಿದೆ, ಪಟ್ಟಣ ಬರಿದಾಗಿದೆ.

ಹಳೆಯ ನಂಟು ಪೂರ್ಣವಾಗಿ ಕಡಿದಿಲ್ಲ. ಘಟ್ಟದ ಬುಡದ ವರಂಗದಲ್ಲಿ ನೇಮಿನಾಥ ಬಸದಿಯೂ, ದೋಣಿಯಲ್ಲಿ ಹೋಗಿ ದರ್ಶನ ಮಾಡಬೇಕಾದ ಕೆರೆಬಸದಿಯೂ ಇವೆ. ಆ ಕ್ಷೇತ್ರವು ಇಂದಿಗೂ ಘಟ್ಟದ ಮೇಲಿನ ಹೊಂಬುಜ ಮಠದ ಆಡಳಿತದಲ್ಲಿದೆ. ಕಳಸದ ಬಳಿಯ ಸಂಸೆಯಲ್ಲಿ ನಮ್ಮವರ ಮನೆಗಳಿವೆ. ಕಾರ್ಕಳಕ್ಕೆ ಬರುವ ಶ್ರಾವಕ ಬಂಧುಗಳು ಇನ್ನೊಂದು ದಿನವನ್ನು ಕೈಯಲ್ಲಿಟ್ಟುಕೊಂಡು, ಸುಮಾರು 70 ಕಿಲೋಮೀಟರ್ ಕ್ರಮಿಸಿ ಕಳಸವನ್ನೂ ನೋಡಬಹುದು. ದಾರಿ ಬಿಟ್ಟು ಬೆಟ್ಟವೇರುವವರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮಳೆಗಾಲದಲ್ಲಿ ಮಂಜಿನಿಂದ ಏನೂ ಕಾಣದು. ದೀಪಾವಳಿ ಕಳೆದ ಮೇಲೆ ಹೊರಡುವುದು ಲೇಸು.